ಈಗ ಇನ್ನಷ್ಟು ಸುಲಭ

ಹೊಸ ಕಪಾಟಿನ ಪೆಟ್ಟಿಗೆಯ ಮೇಲೆ ‘ಈಗ ಇನ್ನಷ್ಟು ಸುಲಭ!’ ಎಂದು ಅಚ್ಚು ಹಾಕಿದ್ದೇ ಎಲ್ಲ ಅನಾಹುತಕ್ಕೂ ಮೂಲ. ಬರೀ ‘ಸುಲಭ’ ಎಂದಿದ್ದರೆ ಮೋಡಣ್ಣನಿಗೂ ತುಸು ಅನುಮಾನ ಬರುತ್ತಿತ್ತೋ ಏನೋ.

ಮೋಡಣ್ಣ ಎಂಬುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳನ್ನು ಕುರ್ಚಿಯ ಮೇಲೆ ಕೂರಿಸಿ ಎದುರು ಗೋಡೆಯ ಅಕ್ಷರ ಓದಿಸುವುದು ಅವನ ಕೆಲಸ. ಗಿರಾಕಿ ಕಣ್ಣು ಕಿರಿದು ಮಾಡಿಕೊಂಡು ಕೊನೆಯ ಸಾಲಿಗೆ ಇಳಿಯುವಷ್ಟರಲ್ಲಿ ಇವನು ಕಿಟಕಿಯಾಚೆ ಹೋಗುತ್ತಿದ್ದ ಯಾವುದೋ ಮೋಡ ಹತ್ತಿ ಊರು ಬಿಟ್ಟಿರುತ್ತಿದ್ದ. “ಸಾರ್, ಓದಿ ಆಯ್ತು” ಎಂದು ಗಿರಾಕಿಯೇ ಅವನನ್ನು ಕೆಳಗಿಳಿಸಿಕೊಳ್ಳಬೇಕಾಗಿತ್ತು. ಅಂಗಡಿಯಲ್ಲಿ ಹುಟ್ಟಿದ ಹೆಸರು ಮೆಲ್ಲಗೆ ಮನೆಯ ಮೆಟ್ಟಿಲನ್ನೂ ಹತ್ತಿತು.

ಇಂಥ ಮೋಡಣ್ಣ ಬದುಕಿನಲ್ಲಿ ಒಂದೇ ಒಂದು ವಸ್ತುವನ್ನು ಕೈಯಾರೆ ಮಾಡಿದ್ದ. ಅದು ನಡುಮನೆಯ ಪುಸ್ತಕದ ಕಪಾಟು. ಮದುವೆಯಾದ ಹೊಸತರಲ್ಲಿ ಬಿಡಿ ಹಲಗೆಗಳಾಗಿ ಪೆಟ್ಟಿಗೆಯಲ್ಲಿ ಬಂದದ್ದನ್ನು ಸ್ಕ್ರೂ ತಿರುಪಿ ತಿರುಪಿ ಒಂದೇ ಮಧ್ಯಾಹ್ನದಲ್ಲಿ ನಿಲ್ಲಿಸಿಬಿಟ್ಟಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ, ಮನೆಗೆ ಯಾರು ಬಂದರೂ ಚಪ್ಪಲಿ ಬಿಡುವ ಮೊದಲೇ ಅದರ ಮುಂದೆ ನಿಲ್ಲಿಸಿ, “ಇದು ನಮ್ಮನೆಯವರೇ ಮಾಡಿದ್ದು” ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗೆಲ್ಲ ಮೋಡಣ್ಣ ಒಂದಂಗುಲ ಎತ್ತರವಾಗುತ್ತಿದ್ದ.

ಕಾಲ ಹೋದಂತೆ ಪುಸ್ತಕಗಳು ಕಪಾಟು ದಾಟಿ, ಕುರ್ಚಿ ದಾಟಿ, ಕೊನೆಗೆ ಹಾಸಿಗೆಗೆ ಬಂದು ಮಲಗಿದವು. ತವರಿಗೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದ್ದಳು: “ಅದೇ ಅಂಗಡೀದು ಇನ್ನೊಂದು ಕಪಾಟು ತಂದು ಜೋಡಿಸಿಬಿಡಿ. ನಿಮಗೇನು, ಒಂದು ಮಧ್ಯಾಹ್ನದ ಕೆಲಸ. ಬರುವಾಗ ಅಣ್ಣನೂ ನನ್ನ ಜೊತೆ ಬರ್ತಾನೆ.”

ಮೋಡಣ್ಣ ಕಪಾಟನ್ನು ತಂದದ್ದೇನೋ ನಿಜ. ಆದರೆ ಜೋಡಿಸುವುದಕ್ಕಿಂತ ಜೋಡಿಸಿದ ಮೇಲಿನ ದೃಶ್ಯವೇ ಅವನಿಗೆ ಹೆಚ್ಚು ಹಿಡಿಸಿಬಿಟ್ಟಿತು. ಎರಡು ಕಪಾಟುಗಳು ಅಣ್ಣತಮ್ಮಂದಿರ ಹಾಗೆ ಅಕ್ಕಪಕ್ಕ ನಿಂತಿವೆ. ಭಾವ ಬೆರಗಾಗಿ ಬಾಯಿಬಿಟ್ಟಿದ್ದಾರೆ. ಹೆಂಡತಿ “ಇದೂ ನಮ್ಮನೆಯವರೇ” ಎನ್ನುತ್ತಿದ್ದಾಳೆ. ಇದನ್ನು ನೋಡುತ್ತ ನೋಡುತ್ತ ದಿನಗಳು ಜಾರಿಹೋದವು. ಅವರಿಬ್ಬರೂ ಬರುವ ದಿನ ಬೆಳಗ್ಗೆ, ಅಂಗಡಿಗೆ ರಜ ಹಾಕಿ, ಅವನು ಪೆಟ್ಟಿಗೆಯನ್ನು ಬಿಚ್ಚಿದ.

ಒಳಗೆ ಒಂದೇ ಒಂದು ಸ್ಕ್ರೂ ಇರಲಿಲ್ಲ.

ಅಲುಗಾಡಿಸಿದ, ತಲೆಕೆಳಗು ಮಾಡಿದ. ಬಿದ್ದದ್ದು ಹಾಲುಹಲ್ಲಿನಂಥ ಪುಟ್ಟ ಬಿಳಿ ಪ್ಲಾಸ್ಟಿಕ್ ಗೂಟಗಳು, ಜೊತೆಗೆ ಚಿತ್ರಗಳ ಒಂದು ಹಾಳೆ. ಹಳೆಯ ಕಪಾಟಿನ ಜೊತೆ ಬಂದ ಹಾಳೆಯಲ್ಲಿ ಅಕ್ಷರಗಳಿದ್ದವು, ಬಾಣದ ಗುರುತುಗಳಿದ್ದವು. ಇದರಲ್ಲಿ ಕೂದಲಿಲ್ಲದ, ಬಟ್ಟೆಯೂ ಇಲ್ಲದ ಒಬ್ಬ ದುಂಡುಮುಖದವನು ಹಲಗೆ ಹಿಡಿದುಕೊಂಡು ನಗುತ್ತಿದ್ದ. ಮುಂದಿನ ಚಿತ್ರದಲ್ಲಿ ಕಪಾಟು ಎದ್ದು ನಿಂತಿತ್ತು. ಅವನು ಇನ್ನೂ ನಗುತ್ತಲೇ ಇದ್ದ. ನಡುವೆ ಏನು ನಡೆಯಿತು ಎಂಬುದು ಅವನಿಗೂ ಆ ಕಂಪನಿಗೂ ಬಿಟ್ಟ ವಿಚಾರವಾಗಿತ್ತು.

“ಸರಿ ಬಿಡು, ಸ್ಕ್ರೂ ಇಲ್ಲ ಅಂದ್ಮೇಲೆ ತಿರುಪೋ ಕೆಲಸವೇ ತಪ್ಪಿತಲ್ಲ” ಎಂದುಕೊಂಡು ಮೋಡಣ್ಣ ಒಂದು ಗೂಟವನ್ನು ತೂತಿಗಿಟ್ಟು ಒತ್ತಿದ. ‘ಟಕ್’ ಎಂದಿತು. ಹಲಗೆ ಹಲಗೆಯನ್ನು ಹಿಡಿದುಕೊಂಡಿತು. ಎಂಥ ಇಂಪಾದ ಸದ್ದು! ಇನ್ನೊಂದು ಒತ್ತಿದ. ಟಕ್. ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಮರದ ಪುಡಿ ಚಿನ್ನದ ಧೂಳಿನಂತೆ ತೇಲುತ್ತಿತ್ತು. ಹಲಗೆಗಳ ನಡುವೆ ಕೂತಿದ್ದ ಅವನಿಗೆ ತಾನೊಂದು ದೋಣಿಯಲ್ಲಿ ಕೂತು ನಡುಹೊಳೆಯಲ್ಲಿ ಹೋಗುತ್ತಿದ್ದೇನೆ ಅನ್ನಿಸಿತು. ಆ ಕಡೆ ಒಂದು ಟಕ್, ಈ ಕಡೆ ಒಂದು ಟಕ್. ದಡದ ಮರಗಳು ಹಿಂದೆ ಹಿಂದೆ ಸರಿದವು.

ದೋಣಿಯಿಂದ ಇಳಿಯಲು ಹೋದಾಗಲೇ ಗೊತ್ತಾದದ್ದು, ಸುತ್ತಲೂ ಹಲಗೆ ಜೋಡಿಸಿ ತನ್ನನ್ನು ತಾನೇ ಒಳಗೆ ಕೂಡಿಹಾಕಿಕೊಂಡಿದ್ದ. ತಲೆ ಒಂದು ಖಾನೆಯಲ್ಲಿ, ಕಾಲು ಇನ್ನೊಂದು ಖಾನೆಯಲ್ಲಿ. ಗೂಟ ಕೀಳಲು ಎಳೆದ. ಟಕ್ ಎಂದು ಒಳಗೆ ಹೋದದ್ದು ಯಾವ ದಾಕ್ಷಿಣ್ಯಕ್ಕೂ ಹೊರಗೆ ಬರುವ ಜಾತಿಯದಲ್ಲ. ಕಾಲು ಝಾಡಿಸಿದ. ಧಡ್ ಧಡ್ ಎಂದು ಇಡೀ ಕಟ್ಟಡ ಅದುರಿತು.

ಮೊದಲು ಇಳಿದು ಬಂದದ್ದು ಮಹಡಿಯ ರೈಲುತಾತ. ಜೀವಮಾನವೆಲ್ಲ ರೈಲು ಓಡಿಸಿ ನಿವೃತ್ತನಾದ ಮುದುಕ. ಈಗಲೂ ಶಿಳ್ಳೆ ಹಾಕದೆ ತಿರುವು ದಾಟುವವನಲ್ಲ.

“ಏನಪ್ಪಾ ಮೋಡಣ್ಣ, ಮನೆಯೊಳಗೇ ಗೂಡ್ಸ್ ಗಾಡಿ ಬಿಡ್ತಿದ್ದೀಯಾ?”

ಹಿಂದೆಯೇ ಎದುರು ಮನೆಯ ಲೆಕ್ಕದ ಟೀಚರು, ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಬಂದರು. ಕಪಾಟಿನೊಳಗಿನ ಮೋಡಣ್ಣನನ್ನು ತಪ್ಪು ಉತ್ತರ ನೋಡುವ ಹಾಗೆ ನೋಡಿ, “ಮೊದಲನೇ ಹೆಜ್ಜೇಲೇ ತಪ್ಪಿದ್ದೀರಿ” ಎಂದರು.

“ಟೀಚರೇ, ಮೊದಲು ನನ್ನನ್ನ ಹೊರಗೆ ತೆಗೀರಿ. ಆಮೇಲೆ ಎಷ್ಟು ಬೇಕಾದ್ರೂ ಮಾರ್ಕ್ಸ್ ಕಳೀರಿ.”

ತಾತ ಭುಜ ಹಿಡಿದ, ಟೀಚರು ತೋಳು ಹಿಡಿದರು. “ಎಳೀರಿ, ಐಸಾ!” ಮೋಡಣ್ಣ ಅಂಗಿಯ ಒಂದು ತೋಳನ್ನು ಒಳಗೇ ಬಿಟ್ಟು ಹೊರಗೆ ಬಂದ. ಕಪಾಟಿಗೆ ಏನೂ ಆಗಲಿಲ್ಲ. ಅದು ಸೊಟ್ಟ ಮುಖ ಮಾಡಿಕೊಂಡು, ಕಾಲು ಮೇಲೆ ಮಾಡಿಕೊಂಡು, ತೋಳಿನ ಬಟ್ಟೆ ಕಚ್ಚಿಕೊಂಡು ಹಾಗೇ ಬಿದ್ದಿತ್ತು.

ಮುಂದಿನ ಸಂಗತಿ ಹೇಳುವುದು ಕಷ್ಟ. ಸ್ಕ್ರೂ ಡ್ರೈವರಿನಿಂದ ಗೂಟಗಳನ್ನು ಮೀಟಿ ಮೀಟಿ ಕಿತ್ತು, ಮೂವರೂ ಮೂರು ಕಡೆಯಿಂದ ಜೋಡಿಸಿದರು. ತಾತನ ಪ್ರಕಾರ ಎಲ್ಲಕ್ಕೂ ಜೋರಾಗಿ ಒಂದು ಗುದ್ದು ಕೊಟ್ಟರೆ ಸಾಕು. ಟೀಚರ ಪ್ರಕಾರ ಮೊದಲು ಯೋಚಿಸಬೇಕು, ಆಮೇಲೂ ಯೋಚಿಸಬೇಕು. ಮೋಡಣ್ಣನ ಪ್ರಕಾರ ಒಂದು ಟೀ ಕುಡಿದರೆ ದಾರಿ ಹೊಳೆಯಬಹುದು. ಟೀ ಆಯಿತು, ದಾರಿ ಹೊಳೆಯಲಿಲ್ಲ. ಒಮ್ಮೆ ಕಪಾಟು ಏಣಿಯಂತೆ ಎದ್ದಿತು, ಒಮ್ಮೆ ಪಂಜರದಂತೆ. ಒಂದು ಸಲ ಪೂರ್ತಿ ಸರಿಯಾಗಿ ನಿಂತೇಬಿಟ್ಟಿತು. ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ, ಸುಸ್ತಾದ ಎತ್ತಿನ ಹಾಗೆ ಮೆಲ್ಲಗೆ ಮಂಡಿಯೂರಿ ಮಲಗಿತು.

ಆಗ ಟೀಚರ ಕಣ್ಣು ಹಳೆಯ ಕಪಾಟಿನ ಮೇಲೆ ಬಿತ್ತು.

“ಅಲ್ರೀ, ಮಾಡಿದ ಲೆಕ್ಕ ಕಣ್ಣೆದುರೇ ಇದೆ! ಅದನ್ನ ಬಿಚ್ಚಿ ನೋಡಿದ್ರೆ ಹಲಗೆ ಹೇಗೆ ಕೂರುತ್ತೆ ಅಂತ ಗೊತ್ತಾಗುತ್ತೆ. ಆಮೇಲೆ ಎರಡನ್ನೂ ಒಟ್ಟಿಗೆ ಜೋಡಿಸಿದ್ರಾಯ್ತು.”

ಮೋಡಣ್ಣ ಕಪಾಟಿಗೆ ಅಡ್ಡ ನಿಂತ. “ಬೇಡ ಟೀಚರೇ. ಅದು ನಾನು ಮಾಡಿದ್ದು.”

“ನೀನೇ ಮಾಡಿದ್ದನ್ನ ನೀನೇ ಇನ್ನೊಂದ್ಸಲ ಮಾಡೋಕೆ ಏನು ಧಾಡಿ?” ಎಂದ ತಾತ.

ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿದರು. ಕಪಾಟನ್ನು ಗೋಡೆಯಿಂದ ಸರಿಸಿದರು. ಮೋಡಣ್ಣ ಸ್ಕ್ರೂ ಡ್ರೈವರ್ ಹಿಡಿದು ಹಿಂದಕ್ಕೆ ಹೋದವನು ಅಲ್ಲೇ ನಿಂತುಬಿಟ್ಟ. ಹಿಂಭಾಗದ ತುಂಬ ಮೊಳೆಗಳು. ಒಂದಲ್ಲ ಎರಡಲ್ಲ, ಹೊಲಕ್ಕೆ ಬೀಜ ಎರಚಿದ ಹಾಗೆ. ಮೂಲೆಮೂಲೆಗೆ ಕಬ್ಬಿಣದ ಪಟ್ಟಿ. ಕೆಳಗಡೆ ಎರಡು ದಪ್ಪ ಮರದ ತುಂಡಿನ ಆಸರೆ.

“ಎಲಾ! ರೈಲು ಡಬ್ಬಿಗೂ ಇಷ್ಟು ಮೊಳೆ ಇರಲ್ವಲ್ಲೋ” ಎಂದ ತಾತ ಮೆಚ್ಚುಗೆಯಿಂದ. “ಕೈ ಅಂದ್ರೆ ಕೈ ಕಣಯ್ಯಾ ನಿಂದು.”

ಮೋಡಣ್ಣ ಒಂದು ಮೊಳೆಯ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಅವನು ಹುಟ್ಟಿದಾರಭ್ಯ ಒಂದು ಮೊಳೆ ಹೊಡೆದವನಲ್ಲ. ಕ್ಯಾಲೆಂಡರನ್ನೂ ಅಂಟಿನಿಂದಲೇ ಅಂಟಿಸುವವನು. ಕಪಾಟು ಜೋಡಿಸಿದ ಆ ದಿನ ಮಂಜಿನೊಳಗಿಂದ ಬರುವ ದೀಪದ ಹಾಗೆ ನಿಧಾನವಾಗಿ ನೆನಪಿಗೆ ಬಂತು. ಕಪಾಟು ನಿಲ್ಲಿಸಿದ್ದ. ಹೆಂಡತಿ ಚಪ್ಪಾಳೆ ತಟ್ಟಿದ್ದಳು. ಆಮೇಲೆ ತಾನು ಖುಷಿಗೆ ನದಿಯ ಕಡೆ ನಡೆದುಕೊಂಡು ಹೋಗಿದ್ದ. ನೀರಿನ ಮೇಲೆ ಸಂಜೆಯ ಬಣ್ಣ ಕರಗುವುದನ್ನು ನೋಡುತ್ತ ಹೊತ್ತು ಹೋದದ್ದು ತಿಳಿದಿರಲಿಲ್ಲ. ಮನೆಗೆ ಬಂದಾಗ ಕಪಾಟಿನ ತುಂಬ ಪುಸ್ತಕಗಳು ಸಾಲಾಗಿ ಕೂತಿದ್ದವು. ಅವಳು ನೆಲ ಗುಡಿಸುತ್ತಿದ್ದಳು.

ತಾತ ಅಷ್ಟರಲ್ಲಿ ಗುದ್ದು ಕೊಟ್ಟಾಗಿತ್ತು. ಕಬ್ಬಿಣದ ಪಟ್ಟಿ ಕಿತ್ತು ಬಂತು, ಅದರ ಜೊತೆ ಅರ್ಧ ಹಲಗೆಯೂ ಸೀಳಿ ಬಂತು. ಮನೆಯಲ್ಲಿ ಈಗ ಹೊಸ ಕಪಾಟೂ ಇಲ್ಲ, ಹಳೆಯ ಕಪಾಟೂ ಇಲ್ಲ. ಎರಡೂ ಕಪಾಟುಗಳ ಹಲಗೆಗಳು ಬೆರೆತು ಯಾವುದು ಯಾವುದೆಂದು ತಿಳಿಯದಂತಾಗಿ, ಪುಸ್ತಕಗಳ ನಡುವೆ ತೇಲುತ್ತಿದ್ದವು. ಮೋಡಣ್ಣ ಅವುಗಳ ಮೇಲೆಯೇ ಕೂತುಕೊಂಡ.

ಬಾಗಿಲಿನ ಗಂಟೆ ಹೊಡೆದುಕೊಂಡಿತು.

ಹೆಂಡತಿ ಒಳಗೆ ಬರಹೋಗಿ, ಕಾಲಿಡಲು ಜಾಗ ಕಾಣದೆ ಹೊಸ್ತಿಲಲ್ಲೇ ನಿಂತಳು. ಹಿಂದೆ ಅವಳ ಅಣ್ಣ. ಅಗಲವಾದ ಎದೆ, ಬಿಗಿದ ದವಡೆ. ಕೈಯಲ್ಲಿ ಭಾರದ ಒಂದು ಚೀಲ.

“ಇದೇನ್ರೀ ಇದು? ಹಳೇ ಕಪಾಟು ಎಲ್ಲಿ?”

“ಬಿಚ್ಚಿದ್ವಿ” ಎಂದ ಮೋಡಣ್ಣ. “ಹಿಂದೆ ಮೊಳೆ ಇತ್ತು.”

ಹೆಂಡತಿಯ ಮುಖದ ಬಣ್ಣ ಇಳಿಯಿತು. ಅವಳು ಬಾಯಿ ತೆರೆಯುವ ಮೊದಲೇ ಭಾವ ಬಗ್ಗಿ, ನೆಲದ ಮೇಲಿದ್ದ ಒಂದು ಮೊಳೆಯನ್ನು ಎತ್ತಿ, ಕಳೆದುಹೋದ ಕರುವನ್ನು ಸವರುವಂತೆ ಬೆರಳಲ್ಲಿ ಸವರಿದರು.

“ನನ್ನ ಮೊಳೆ!” ಎಂದರು.

“ಅಣ್ಣಾ, ಸುಮ್ನಿರು.”

“ಇಲ್ಲಮ್ಮಾ, ಇನ್ನು ಸಾಧ್ಯ ಇಲ್ಲ. ಇಷ್ಟು ವರ್ಷ ಸುಮ್ನಿದ್ದೆ.” ಭಾವ ಮೋಡಣ್ಣನ ಕಡೆ ತಿರುಗಿದರು. “ಅವತ್ತು ನೀವು ಆ ಕಡೆ ನದಿಗೆ ಹೋದ್ರಿ, ಈ ಕಡೆ ಕಪಾಟು ನೆಲಕ್ಕೆ ಹೋಯ್ತು. ಇವಳು ಅಳ್ತಾ ಫೋನ್ ಮಾಡಿದ್ಲು. ಊಟದ ಮುಂದೆ ಕೂತಿದ್ದೋನು ಎದ್ದು ಓಡಿ ಬಂದೆ. ಮೊಳೆ ನಂದು, ಪಟ್ಟಿ ನಂದು, ಜಜ್ಜಿಕೊಂಡ ಹೆಬ್ಬೆರಳು ನಂದು! ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡ್ಲು. ಹೋಗಲಿ ಅಂದ್ರೆ, ನಾನು ಬಂದಾಗೆಲ್ಲ ನನ್ನನ್ನೇ ಅದರ ಮುಂದೆ ನಿಲ್ಲಿಸಿ, ‘ನೋಡಣ್ಣ, ನಮ್ಮನೆಯವರು ಮಾಡಿದ್ದು’ ಅಂತಾಳೆ! ನಾನು ‘ಭೇಷ್’ ಅನ್ನಬೇಕು!”

ಟೀಚರು ಪೆನ್ನಿನ ಮುಚ್ಚಳ ಹಾಕಿದರು. ತಾತ ಮೆಲ್ಲಗೆ ಶಿಳ್ಳೆ ಹಾಕಿದ.

ಮೋಡಣ್ಣ ಹೆಂಡತಿಯ ಮುಖ ನೋಡಿದ. “ಹೇಳಬಹುದಿತ್ತಲ್ಲ.”

“ಹೇಗೆ ಹೇಳಲಿ?” ಅವಳು ಹಲಗೆಗಳನ್ನು ದಾಟಿ ಬಂದು ಅವನ ಪಕ್ಕ ಕೂತಳು. “ನೀವು ಹಾಡು ಹೇಳ್ಕೊಂಡು ಬಂದ್ರಿ. ಬಂದೋರೇ ಅದನ್ನ ಮುಟ್ಟಿ ಮುಟ್ಟಿ ನೋಡಿದ್ರಿ. ಅಷ್ಟು ಖುಷಿಯಾಗಿದ್ದ ಮುಖವನ್ನ ನಾನು ಅದಕ್ಕೆ ಮುಂಚೆ ನೋಡೇ ಇರಲಿಲ್ಲ ಕಣ್ರೀ.”

ಕಿಟಕಿಯ ಬಿಸಿಲು ಕೆಂಪಾಗಿತ್ತು. ಮೋಡಣ್ಣನಿಗೆ ಅವಮಾನವಾಗಬೇಕಾಗಿತ್ತು, ಅದರ ಬದಲು ಯಾವುದೋ ಮೂಟೆ ಇಳಿಸಿದಂತೆ ಮೈ ಹಗುರಾಯಿತು. ಇಷ್ಟು ವರ್ಷ ತನ್ನ ಬೆನ್ನ ಹಿಂದೆ ಇಷ್ಟೊಂದು ಮೊಳೆ ಹೊಡೆಸಿ ತನ್ನನ್ನು ನಿಲ್ಲಿಸಿದ್ದಳಲ್ಲ ಇವಳು!

“ದಾರಿ ಬಿಡಿ” ಎಂದು ಭಾವ ಚೀಲದಿಂದ ಸುತ್ತಿಗೆ ತೆಗೆದರು. ಬಂದದ್ದೇ ಅದಕ್ಕಾಗಿ, ಅಣ್ಣತಂಗಿ ಮೊದಲೇ ಮಾತಾಡಿಕೊಂಡಿದ್ದರು. ಹೊಸ ಹಲಗೆಯ ಮೇಲೆ ಮೊಳೆ ಇಟ್ಟು ಒಂದೇ ಏಟು ಕೊಟ್ಟರು. ಮೊಳೆ ಮಾಯವಾಯಿತು. ಸುತ್ತಿಗೆಯೂ ಹಿಡಿಯವರೆಗೆ ಒಳಗೆ ಹೋಯಿತು. ಹಲಗೆ ಪುಡಿಪುಡಿಯಾಗಿ ಉದುರಿತು.

“ಇದೇನು ಹಲಗೆಯೋ, ರಸ್ಕೋ?”

“ಹೋಗಲಿ ಬಿಡಿ ಭಾವ” ಎಂದ ಮೋಡಣ್ಣ, ತನ್ನ ಜೀವನದಲ್ಲೇ ಮೊದಲ ಸಲ ಗಟ್ಟಿಯಾಗಿ. “ನಿಜ ಗೊತ್ತಾಯ್ತು, ಒಳ್ಳೇದೇ ಆಯ್ತು. ನಾಳೆ ಬಡಗಿಯನ್ನ ಕರೆಸ್ತೀನಿ. ಇನ್ನು ಮೇಲೆ ಈ ಮನೇಲಿ ಯಾರೂ ಕಪಾಟು ಜೋಡಿಸೋದು ಬೇಡ, ಯಾರೂ ಹೊಗಳೋದೂ ಬೇಡ.”

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ಅದೂ... ಒಂದು ಸಣ್ಣ ವಿಷಯ. ದಾರೀಲೇ ನಮ್ಮ ಆಸ್ಪತ್ರೆ ದೊಡ್ಡ ಸಿಸ್ಟರ್ ಮನೆ. ಅವರೂ ಇಂಥದ್ದೇ ಒಂದು ತಂದು ಒದ್ದಾಡ್ತಿದ್ರು. ‘ನಿಮ್ಮೆಜಮಾನ್ರಿಗೆ ಒಂದು ಮಧ್ಯಾಹ್ನದ ಕೆಲಸ ಅಂತೀಯಲ್ಲ, ತಗೊಂಡು ಹೋಗು’ ಅಂತ ಟ್ಯಾಕ್ಸೀಲಿ ಇಡಿಸಿಬಿಟ್ರು. ಹೇಗೂ ಅಣ್ಣ ಇದ್ದಾನಲ್ಲ ಅಂತ ನಾನೂ...”

“ನಾನಿಲ್ಲ” ಎಂದರು ಭಾವ, ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತ. “ಮೊಳೆ ನಿಲ್ಲದ ಕಡೆ ನಾನು ನಿಲ್ಲಲ್ಲ.” ತಾತನಿಗೆ ಮಾತ್ರೆಯ ಹೊತ್ತಾಯಿತು. ಟೀಚರಿಗೆ ಉತ್ತರಪತ್ರಿಕೆಗಳು ನೆನಪಾದವು.

ಅವರು ಹೊರಗೆ ಹೋಗಲು ಆಗಲಿಲ್ಲ. ಟ್ಯಾಕ್ಸಿಯವನು ಏದುಸಿರು ಬಿಡುತ್ತ, ಬಾಗಿಲ ತುಂಬ ಒಂದು ಉದ್ದನೆಯ ಪೆಟ್ಟಿಗೆ ಹೊತ್ತು ನಿಂತಿದ್ದ. ಅದನ್ನು ಗೋಡೆಗೆ ಒರಗಿಸಿ, ಹಣೆ ಒರೆಸಿಕೊಂಡು, ನೆಲದ ಮೇಲಿನ ಹಲಗೆಗಳನ್ನೂ ನಡುವೆ ಕೂತ ಮೋಡಣ್ಣನನ್ನೂ ಭಕ್ತಿಯಿಂದ ನೋಡಿದ.

“ಜೋಡಿಸೋ ಸಾಹೇಬ್ರು ನೀವೇ ಅಲ್ವಾ ಸಾರ್? ಅಮ್ಮಾವ್ರು ದಾರಿಯುದ್ದಕ್ಕೂ ನಿಮ್ಮದೇ ಹೇಳ್ತಾ ಬಂದ್ರು. ಇಂಥದ್ದನ್ನ ಅಂಗಡಿಯೋರು ವಾಪಸ್ ತಗೊಳ್ಳಲ್ಲ ಅಂತಾರೆ, ಮನೇಲಿ ಹೆಂಡ್ತಿ ಒಳಗೆ ತರಬೇಡ ಅಂತಾಳೆ. ಅದಕ್ಕೇ ನಂದನ್ನ ಡಿಕ್ಕೀಲೇ ಇಟ್ಕೊಂಡು ಓಡಾಡ್ತಿದ್ದೀನಿ. ನಮ್ಮದೂ ಒಂದು ತಂದುಬಿಡಲಾ ಸಾರ್?”