ಮೂರು ಸಲ ಕೂಗುವ ಕಾಕಾ

ನಮ್ಮ ಕಾಕಾನ ಕಾಟದಿಂದ ನಾನು ಇನ್ನೂ ಒಂದು ಪುಸ್ತಕವನ್ನೂ ಮುಗಿಸಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಸೋಮಾರಿ ಬರಹಗಾರರೆಲ್ಲ ಹೀಗೇ ಯಾರದೋ ಮೇಲೆ ಹಾಕುತ್ತಾರೆ ಎಂದು ನಗುತ್ತೀರಿ. ನಗಿರಿ! ಆದರೆ ನೀವು ಬರೆಯುವ ಪ್ರತಿಯೊಂದು ಶಬ್ದಕ್ಕೂ ಇಬ್ಬರು ಸಾಕ್ಷಿ ಕೇಳುವ ಕಾಕಾ ನಿಮ್ಮ ಮನೆಯಲ್ಲಿ ಇದ್ದಾರೆಯೇ?

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಕೋರ್ಟಿನಲ್ಲಿ ಪಟ್ಟೇವಾಲಾ ಆಗಿದ್ದವರು. ಬಾಗಿಲಲ್ಲಿ ನಿಂತು ವಾದಿ, ಪ್ರತಿವಾದಿ, ಸಾಕ್ಷಿಗಳ ಹೆಸರನ್ನು ಮೂರು ಮೂರು ಸಲ ಕೂಗುವುದು ಅವರ ಕೆಲಸ. ಅವರು ಕೂಗಿದರೆ ಅಂಗಳದ ಬೇವಿನ ಮರದ ಕಾಗೆಗಳೂ ಒಳಗೆ ಹಾಜರಾಗುತ್ತಿದ್ದವಂತೆ! ಈಗ ನಿವೃತ್ತರಾಗಿ ಹಿರೇಕೆರೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕೆಲಸ ಹೋಯಿತು, ಕೂಗು ಮಾತ್ರ ಹೋಗಲಿಲ್ಲ. ನಾನು ಶಿಗ್ಗಾಂವದ ಕಾಲೇಜಿನಲ್ಲಿ ಪಾಠ ಹೇಳುತ್ತ, ಉಳಿದ ವೇಳೆಯಲ್ಲಿ ಪ್ರಬಂಧ ಬರೆಯುವವನು. ಅವರು ನಮ್ಮ ಮನೆಗೆ ಬಂದಿದ್ದಾಗ ನನ್ನ ಮೊದಲ ಪ್ರಬಂಧವನ್ನು ಬಲು ಹೆಮ್ಮೆಯಿಂದ ಅವರ ಕೈಗಿಟ್ಟೆ. ಮೊದಲನೆಯ ಸಾಲಿಗೇ ತಡೆದು ನಿಂತರು.

“ಮೂಡಣದಾಗ ನೇಸರ ಬಂದ ಅಂತ ಬರದೀಯಲ್ಲ, ಇದನ್ನ ಯಾರ ಬಾಯಾಗ ಕೇಳೀದಿ?”

“ಬಾಯಾಗ ಅಲ್ರಿ ಕಾಕಾ, ಪುಸ್ತಕದಾಗ...”

“ಪುಸ್ತಕಕ್ಕ ಬಾಯಿ ಎಲ್ಲೈತಿ?”

ಎದ್ದವರೇ ಕಟ್ಟೆಗೆ ಬಂದರು. ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಓಣಿಯ ಆ ತುದಿಗೆ ಕೇಳುವಂತೆ ಶುರುಮಾಡಿದರು. “ನೇಸರಾ! ನೇಸರಾ! ನೇಸರಾ!” ನೆರೆಹೊರೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದರು. ಹಾಲು ಹಾಕುವವನು ಸೈಕಲ್ ನಿಲ್ಲಿಸಿ, “ಯಾರ್ರೀ ಅಂವಾ? ಹೊಸದಾಗಿ ಬಾಡಿಗಿಗೆ ಬಂದಾನೇನ್ರಿ?” ಎಂದು ಕೇಳಿದ. ಕಾಕಾ ಒಳಗೆ ಬಂದು ತಣ್ಣಗೆ, “ಗೈರುಹಾಜರ. ಹೊಡದ ಹಾಕು,” ಎಂದರು. ಅವತ್ತು ನನ್ನ ಪ್ರಬಂಧದಲ್ಲಿ ಸೂರ್ಯ ಹುಟ್ಟಲೇ ಇಲ್ಲ!

ಅಲ್ಲಿಂದ ಶುರುವಾಯಿತು ನೋಡಿ ವಿಚಾರಣೆ. ಕಾಕಾನ ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ಎಡಕ್ಕೆ ಶಬ್ದ, ಪಕ್ಕದಲ್ಲಿ ಒಂದನೇ ಸಾಕ್ಷಿ, ಅದರ ಪಕ್ಕದಲ್ಲಿ ಎರಡನೇ ಸಾಕ್ಷಿ. ಆ ಶಬ್ದವನ್ನು ಯಾರದಾದರೂ ಬಾಯಲ್ಲಿ ಕಿವಿಯಾರೆ ಕೇಳಿದ ಇಬ್ಬರ ಹೆಸರು ಬೀಳಬೇಕು. ಇಲ್ಲದಿದ್ದರೆ ಅದು ನನ್ನ ಪ್ರಬಂಧದೊಳಗೆ ಕಾಲಿಡುವ ಹಾಗಿಲ್ಲ. ಬಸ್‌ಸ್ಟ್ಯಾಂಡು, ಅರ್ಜೆಂಟು, ಟೆನ್ಶನ್ನು ಇವೆಲ್ಲ ಒಂದೇ ದಿನದಲ್ಲಿ ಪಾಸಾದವು. ಶಿಷ್ಟವಾಗಿರಲಿ ಎಂದು ನಾನು ನಡುವೆ ತೂರಿಸಿದ ‘ತಂಗುದಾಣ’ ಮಾತ್ರ ಬಸ್‌ಸ್ಟ್ಯಾಂಡಿನಲ್ಲೇ ಅನಾಥವಾಗಿ ನಿಂತಿತು. ಕೇಳಿದವರು ಒಬ್ಬರೂ ಸಿಗಲಿಲ್ಲ.

ಇನ್ನೊಮ್ಮೆ ‘ಹೆಂಗಸರು ಹೊಲದಲ್ಲಿ ಹತ್ತಿ ಕೊಯ್ಯುತ್ತಿದ್ದರು’ ಎಂದು ಬರೆದೆ. ತಪ್ಪೇನು ಹೇಳಿ? ಕಾಕಾ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು. ನನ್ನನ್ನು ಹಿರೇಕೆರೂರಿನ ಬಸ್ಸಿಗೆ ಹತ್ತಿಸಿದರು. ದಾರಿಯಲ್ಲಿ ಕೂಲಿಗೆ ಹೊರಟ ಹೆಂಗಸರು ಹತ್ತಿದ್ದೇ ತಡ, ಇವರು ಸೀಟು ಬಿಟ್ಟು ಎದ್ದು ನಿಂತರು.

“ಯವ್ವಾ, ಹೊಲದಾಗ ಹತ್ತೀನ ಏನ ಮಾಡ್ತೀರಿ?”

“ಬಿಡಸ್ತೇವ್ರಿ ಯಜ್ಜಾ,” ಎಂದಳು ಒಬ್ಬಳು.

“ಕೊಯ್ಯಂಗಿಲ್ಲೇನು?”

“ಕೊಯ್ಯಾಕ ಅದೇನ ಹುಲ್ಲೇನ್ರಿ?”

“ಈ ನಮ್ಮ ಮಾಸ್ತರ ಕೊಯ್ದಾನವಾ, ನೋಡು!”

ಇಡೀ ಬಸ್ಸು ನನ್ನ ಕಡೆ ತಿರುಗಿತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಳಸ್ರಿ ಯಜ್ಜಾ, ಒಂದ ದಿನ ಹತ್ತಿ ಬಿಡಸಾಕ ಸಾಲ ಹಿಡಸ್ತೇವಿ. ಮುಂದ ತಾನ ಸರಿ ಬರೀತಾರ,” ಎಂದಳು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು ನಕ್ಕ. ಕಾಕಾ ಮಾತ್ರ ನಗಲಿಲ್ಲ. ಅಲುಗಾಡುವ ಬಸ್ಸಿನಲ್ಲೇ ಇಬ್ಬರ ಹೆಸರು ಕೇಳಿ ಬರೆದುಕೊಂಡರು.

ಒಮ್ಮೆ ಸಿಟ್ಟು ತಡೆಯದೆ ಕೇಳಿಯೇ ಬಿಟ್ಟೆ. “ಯಾಕ್ರಿ ಕಾಕಾ ಇಷ್ಟ ಹಟ? ಯಾರ ಕೇಳ್ತಾರ್ರಿ ಸಾಕ್ಷಿ?”

“ಹೆಸರ ಕೂಗಿದಾಗ ಯಾರೂ ಎದ್ದ ಬರಲಿಲ್ಲಂದ್ರ ಹೆಂಗ ಆಕ್ಕೈತಿ, ನಿನಗ ಗೊತ್ತಿಲ್ಲಪಾ. ಜನ್ಮೆಲ್ಲಾ ಕೂಗೇನಿ ನಾನು,” ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಮೊನ್ನೆ ಮೊನ್ನೆ ಅರ್ಥವಾಯಿತು. ಕಾಕಾನ ಹೆಂಡತಿ, ಅಂದರೆ ನಮ್ಮ ಚಿಗವ್ವ, ತೀರಿಕೊಂಡು ಎರಡು ವರ್ಷವಾಯಿತು. ಆಕೆಯ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಕಾಕಾ ಅದನ್ನು ಓದಲೆಂದೇ ಬಂದಿದ್ದರು. ಸಂಜೆಯ ಹೊತ್ತು, ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಆಕೆ ಹುಬ್ಬಳ್ಳಿಯವಳು. ಮದುವೆಯಾಗಿ ಬಂದಾಗ ರೊಟ್ಟಿ ಬರುತ್ತಿರಲಿಲ್ಲ. ಹಿರೇಕೆರೂರಿಗೆ ಹೋಗಿ ಮೂರು ತಿಂಗಳು ಚಿಗವ್ವನ ಪಕ್ಕದಲ್ಲಿ ಕೂತು ಕಲಿತು ಬಂದಳು. ನಾನು ಪಡಸಾಲೆಯಲ್ಲಿ ಕಾಕಾನ ಮುಖ ನೋಡುತ್ತ ಕೂತಿದ್ದೆ. ಆಶ್ಚರ್ಯ! ಎಲ್ಲಿಯೂ ನಿಲ್ಲದೆ ಓದಿದರು. ಕೊನೆಯಲ್ಲಿ ಒಂದೇ ಕಡೆ ಬೆರಳಿಟ್ಟರು. ‘ಉಳಿದ ಹಿಟ್ಟಿನಲ್ಲಿ ಅಂಗೈಯಷ್ಟು ಪುಟ್ಟ ರೊಟ್ಟಿ ಮಾಡಿ ಮಕ್ಕಳ ಕೈಗೆ ಕೊಡುತ್ತಿದ್ದಳು’ ಎಂದು ಬರೆದಲ್ಲಿ.

“ಇದಕ್ಕ ಅಕೀದೊಂದು ಶಬ್ದ ಇತ್ತು,” ಎಂದರು.

ನೋಟ್‌ಬುಕ್ಕಿನ ಮೊದಲನೆಯ ಪುಟ ತೆರೆದು ತೋರಿಸಿದರು. ‘ಕಡೀಗೂಸು’ ಎಂದಿತ್ತು, ಕಡೆಗೆ ಹುಟ್ಟಿದ ಕೂಸು. ಒಂದನೇ ಸಾಕ್ಷಿ ಸ್ವತಃ ಕಾಕಾ. ಎರಡನೆಯದು ಖಾಲಿ.

“ಅಕೀ ತವರುಮನಿ ಮಾಸೂರಾಗ ಕೇಳಿದೆ, ಹಾನಗಲ್ಲಾಗ ಅಕೀ ತಂಗೀನ ಕೇಳಿದೆ. ಯಾರಿಗೂ ಗೊತ್ತಿಲ್ಲ. ನಾ ಹ್ವಾದ ಮ್ಯಾಲೆ ಇದೂ ಹೋತು. ನೀ ಸಣ್ಣಾಂವಿದ್ದಾಗ ತಿಂದೀಯಲ್ಲೋ, ಕೇಳಿಲ್ಲೇನು?”

ತಿಂದದ್ದು ನೆನಪಿತ್ತು, ಅದರ ಬಿಸಿ ಕೂಡ ನೆನಪಿತ್ತು. ಶಬ್ದ ಮಾತ್ರ ನೆನಪಿಗೆ ಬರಲಿಲ್ಲ. ಅವರ ಮುಖ ನೋಡಲಾರದೆ, “ಹೂನ್ರಿ, ಕೇಳೇನಿ,” ಎಂದುಬಿಟ್ಟೆ.

“ಏನಂದಳು? ಹೆಂಗ ಅಂದಳು?”

ನಾನು ತಲೆ ಬಗ್ಗಿಸಿ ಪ್ರಬಂಧದ ಹಾಳೆಗಳನ್ನು ಜೋಡಿಸತೊಡಗಿದೆ. ಸುಳ್ಳು ಸಾಕ್ಷಿಗಳನ್ನು ಬೇಕಾದಷ್ಟು ಕಂಡ ಮನುಷ್ಯ! ಬೈಯಲಿಲ್ಲ. “ಇರ್ಲಿ ಬಿಡು,” ಎಂದು ಪುಸ್ತಕ ಮುಚ್ಚಿದರು. ಕಟ್ಟೆಗೂ ಹೋಗಲಿಲ್ಲ. ಕೂತಲ್ಲೇ, ತಮ್ಮಷ್ಟಕ್ಕೆ ಕರೆದರು. “ಕಡೀಗೂಸು... ಕಡೀಗೂಸು...” ಕಾಗೆಗಳನ್ನು ಹಾಜರುಪಡಿಸಿದ ಆ ದನಿ ಮೂರನೆಯ ಸಲಕ್ಕೆ ಒಡೆಯಿತು. “ಕಡೀಗೂಸು...”

“ಬಂತ್ರೀ, ಬಂತು!” ಅಡಿಗೆಮನೆಯಿಂದ ನನ್ನ ಹೆಂಡತಿ ಕೂಗಿದಳು. “ಇನ್ನೂ ಹಂಚಿನ ಮ್ಯಾಲೈತಿ. ಹುಡುಗರಂಗ ಯಾಕ ಗದ್ದಲ ಹಾಕ್ತೀರಿ? ಬೆಣ್ಣಿ ಹಚ್ಚಲೋ, ಖಾರ ಹಚ್ಚಲೋ?”

ನನ್ನ ಮಕ್ಕಳು ದಿನಾ ಸಂಜೆ ಒಲೆಯ ಮುಂದೆ ಜಗಳಾಡಿ ಕೇಳುತ್ತಿದ್ದದ್ದು ಇದನ್ನೇ! ಶಬ್ದ ಹುಡುಕಿಕೊಂಡು ಬಸ್ಸು, ಸಂತೆ ಅಲೆಯುವ ನಾನು ದಿನಾ ಹತ್ತು ಹೆಜ್ಜೆ ಈಚೆಗೆ ಪೇಪರಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಕಾಕಾ ಎದ್ದು ನಿಂತಿದ್ದರು. ಆಕೆ ಹೊರಗೆ ತಂದ ಪುಟ್ಟ ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಪುಸ್ತಕ ಬೆಂಚಿನ ಮೇಲೆಯೇ ಉಳಿಯಿತು. ಖಾಲಿ ಜಾಗದಲ್ಲಿ ನನ್ನ ಹೆಂಡತಿಯ ಹೆಸರನ್ನು ನಾನೇ ಬರೆದೆ. ಕಾಕಾ ಅತ್ತ ನೋಡಲೂ ಇಲ್ಲ. ರೊಟ್ಟಿ ಮುರಿಯುತ್ತ, ಕಣ್ಣೊರೆಸಿಕೊಳ್ಳದೆ, ಮೆಲ್ಲಗೆ ಅಂದರು.

“ಹಾಜರ ಅದಾಳ.”