ಗೇಟಿನ ಮುಂದೆ ದೊರೆ

ಭೂಗೋಳದ ಮೇಷ್ಟ್ರು ಅಂದು ತರಗತಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಊರಿನಿಂದ ಅರ್ಧ ದಿನದ ದಾರಿಯಲ್ಲಿದ್ದ ಹಿಮಶಿಖರವನ್ನು ಇಪ್ಪತ್ತೆರಡು ವರ್ಷದಿಂದ ಹಲಗೆಯ ಮೇಲೆ ಬರೆದು ಪಾಠ ಮಾಡಿದವರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ನೀವದನ್ನ ನೋಡಿದ್ದೀರಾ?" ಎಂದಳು. ಇಲ್ಲ ಎನ್ನಲು ಮೇಷ್ಟ್ರಿಗೆ ನಾಚಿಕೆ. "ಸೋಮವಾರ ಅದರ ಮುಂದೆ ನಿಂತಿರೋ ಫೋಟೋನೇ ತಂದು ತೋರಿಸ್ತೀನಿ, ನೋಡ್ತಿರಿ!" ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಶನಿವಾರ ಟೆಂಟು, ಹೆಂಡತಿ, ಅತ್ತೆ ಮತ್ತು ನಾಯಿಯನ್ನು ಕಾರಿಗೆ ತುಂಬಿಕೊಂಡು ಬೆಟ್ಟ ಹತ್ತಿದರು. ನಾಯಿಯ ಹೆಸರು ದೊರೆ. ಮೈ ಅಕ್ಕಿ ಮೂಟೆಯಷ್ಟು, ಧೈರ್ಯ ಗುಬ್ಬಿಯಷ್ಟು. ಮೇಷ್ಟ್ರು ಕಣ್ಮರೆಯಾದರೆ ಸಾಕು, ಬೆಟ್ಟವೆಲ್ಲ ಕೇಳುವಂತೆ ಊಳಿಡುತ್ತಿದ್ದ.

ಪಕ್ಕದ ಟೆಂಟಿನಲ್ಲಿ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಹಲ್ಲು ಕೀಳುವುದು ನಿಂತ ಮೇಲೆ ಸಲಹೆ ಕೊಡುವುದೇ ಅವರ ಕಸುಬು. "ಮೇಲೆ ಮೂರು ಪಾರ್ಕ್ ಇವೆ. ಯಾವುದರೊಳಗೆ ಹೋದ್ರೂ ಶಿಖರ ಕಾಣುತ್ತೆ, ನಿಶ್ಚಿಂತೆಯಾಗಿ ಹೊರಡಿ," ಎಂದರು ಭಾನುವಾರ ಬೆಳಿಗ್ಗೆ.

ಮೊದಲನೇ ಪಾರ್ಕಿನ ಗೇಟಿನಲ್ಲಿ ಬೋರ್ಡು: ನಾಯಿಗಳಿಗೆ ಪ್ರವೇಶವಿಲ್ಲ.

"ಒಂದು ಗಂಟೆ ಅಷ್ಟೇ ರೀ. ನಾವು ಬಂದ ಮೇಲೆ ನೀವು ಹೋಗಿ," ಎಂದು ಹೆಂಡತಿ ಅಮ್ಮನ ಕೈ ಹಿಡಿದು ಒಳಗೆ ನಡೆದಳು. ಹೊತ್ತು ಹೋಗಲೆಂದು ಮೇಷ್ಟ್ರು ದೊರೆಗೆ ಪಾಠ ಶುರುಮಾಡಿದರು. "ಕೂತ್ಕೋ" ಅಂದರೆ ಕೂರಬೇಕು; ಕೂತರೆ ಬಿಸ್ಕತ್ತು. ಹೆಂಗಸರು ಮರಳಿದ ಮೇಲೆ ಮೇಷ್ಟ್ರು ಹತ್ತು ಹೆಜ್ಜೆ ಒಳಗಿಟ್ಟರೋ ಇಲ್ಲವೋ, ದೊರೆ ಗಂಟಲು ತೆರೆದ. ಕಾವಲುಗಾರ ಓಡಿಬಂದು, "ಸ್ವಾಮೀ, ಕಾಡುಪ್ರಾಣಿಗಳೇ ಹೆದರಿಕೊಳ್ತವೆ, ಬನ್ನಿ ಈಚೆ!" ಎಂದ.

ಎರಡನೇ ಗೇಟಿನಲ್ಲೂ ಅದೇ ಬೋರ್ಡು. ಅಲ್ಲಿಗೆ ಡಾಕ್ಟರೂ ಬಂದಿದ್ದರು. "ನಿಮ್ಮ ಅಂಗಿ ಬಿಚ್ಚಿ ನಾಯಿ ಜೊತೆ ಕಾರಲ್ಲಿಡಿ. ವಾಸನೆ ಇದ್ರೆ ತೆಪ್ಪಗಿರುತ್ತೆ."

ಮೇಷ್ಟ್ರು ಕೊರೆಯುವ ಚಳಿಯಲ್ಲಿ ಬನಿಯನ್ನಿನಲ್ಲೇ ಹೊರಟರು. ದೊರೆ ಊಳಿಡಲಿಲ್ಲ, ನಿಜ. ಸ್ಟೀರಿಂಗಿನ ಮೇಲೆ ಎರಡೂ ಕಾಲೂರಿ ಹಾರನ್ನು ಒತ್ತಿ ಹಿಡಿದ. ಜನ ಸೇರಿತು. "ಮೂಕಪ್ರಾಣೀನ ಕೂಡಿಹಾಕಿ ಹೋಗ್ತಾರಲ್ಲ, ಮನುಷ್ಯರಾ ಇವರು?" ಎಂದು ಮುದುಕಿಯೊಬ್ಬಳು ಛತ್ರಿ ಎತ್ತಿದಳು. ಮೇಷ್ಟ್ರು ನಡುಗುತ್ತ ವಾಪಸ್ಸು ಬಂದು, ಹೆಂಗಸರು ನೋಡಿ ಬರುವ ತನಕ ಗೇಟಿನ ಮುಂದೆ ಪಾಠ ಮುಂದುವರಿಸಿದರು. ಬಿಸ್ಕತ್ತು ಮುಗಿಯುವ ಹೊತ್ತಿಗೆ, ಗೇಟಿನತ್ತ ಕರೆದೊಯ್ದರೆ ಸಾಕು, ಹೇಳದೆಯೇ ದೊರೆ ಕೂರತೊಡಗಿದ.

"ನನ್ನ ಕ್ಲಾಸಲ್ಲಿ ಒಬ್ಬರಿಗೂ ಇಷ್ಟು ಬೇಗ ತಲೆಗೆ ಹತ್ತಿಲ್ಲ ಕಣೇ!" ಎಂದು ಹೆಂಡತಿಯ ಮುಂದೆ ಬೀಗಿದರು.

ಮೂರನೇ ಗೇಟು ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಐದಾದ ಮೇಲೆ ಹೊರಗೆ ಬಿಡುತ್ತಾರೆಯೇ ಹೊರತು ಒಳಗೆ ಬಿಡುವುದಿಲ್ಲ. ಮೇಷ್ಟ್ರು ಎದೆ ಹಿಡಿದುಕೊಂಡು ಬೋರ್ಡು ಓದಿದರು: ಹಗ್ಗ ಹಾಕಿದ ನಾಯಿಗಳನ್ನು ಒಳಗೆ ಕರೆತರಬಹುದು.

ಅವರಿಗೆ ಅಳುವೇ ಬಂತು. "ನಡಿಯೋ ದೊರೆ, ಬದುಕಿಕೊಂಡ್ವಿ!"

ದೊರೆ ಗೇಟು ನೋಡಿದ. ಕೂತ.

ಮೇಷ್ಟ್ರು ಹಗ್ಗ ಜಗ್ಗಿದರು. ದೊರೆ ಬೆನ್ನು ನೆಟ್ಟಗೆ ಮಾಡಿ, ಬಿಸ್ಕತ್ತಿಗಾಗಿ ಅವರ ಮುಖವನ್ನೇ ನೋಡಿದ. ಹಿಂದಿನಿಂದ ತಳ್ಳಿದರು, ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. "ಏಳೋ! ಏಳಪ್ಪಾ! ನನ್ನ ಮಾನ ಉಳಿಸೋ!" ಎಂದು ಗೋಗರೆದರು. ಆದರೆ 'ಏಳು' ಎಂಬ ಪಾಠವನ್ನು ಅವರು ಮಾಡಿಯೇ ಇರಲಿಲ್ಲ.

"ಅಳಿಯಂದ್ರೇ, ಹೊತ್ತಾಯ್ತು. ನಾವಾದ್ರೂ ನೋಡ್ಕೊಂಡು ಬರ್ತೀವಿ," ಎಂದು ಅತ್ತೆ ಮಗಳೊಂದಿಗೆ ಒಳಗೆ ಹೋದರು. ಅವರ ಹಿಂದೆಯೇ ಗೇಟು ಮುಚ್ಚಿತು.

ಅಷ್ಟರಲ್ಲಿ ಬಂದ ಡಾಕ್ಟರು ಕಲ್ಲಿನಂತೆ ಕೂತ ದೊರೆಯನ್ನು ಕಂಡು ಬೆರಗಾದರು. "ಅಬ್ಬಾ, ಎಂಥ ಶಿಸ್ತು! ಇವನಿಗೆ ಪಾಠ ಹೇಳಿದ ಪುಣ್ಯಾತ್ಮ ಯಾರ್ರೀ?"

ಎದುರಿಗೆ ಸಿಕ್ಕವರಿಗೆಲ್ಲ ತಾವು ಮೇಷ್ಟ್ರು ಎಂದು ಹೇಳಿಕೊಂಡೇ ಬದುಕಿದ ಆ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ, "ಗೊತ್ತಿಲ್ಲ ಸಾರ್" ಎಂದರು.