ಷಡ್ಡಕನ ಗಾಲಿಪೆಟ್ಟಿಗೆ

ನಮ್ಮ ಷಡ್ಡಕನಿಗೆ ಎರಡು ಸಂಸಾರ. ಗಾಬರಿಯಾಗಬೇಡಿ! ಒಂದು, ನನ್ನ ಹೆಂಡತಿಯ ಅಕ್ಕ ಮತ್ತು ಅವಳ ಮಕ್ಕಳದು. ಇನ್ನೊಂದು, ನಾಲ್ಕು ಗಾಲಿಗಳ ಮೇಲೆ ಓಡಾಡುವಂಥದು. ಮೊದಲನೆಯದರಲ್ಲಿ ಯಾರು ಉಂಡರು, ಯಾರು ಮಲಗಿದರು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಎರಡನೆಯದರಲ್ಲಿ ಒಂದು ಮೊಳೆ ಮಗ್ಗುಲು ಬದಲಾಯಿಸಿದರೂ ಅವನಿಗೆ ಗೊತ್ತಾಗುತ್ತದೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಎದುರಿಗೆ ‘ಅಣ್ಣ’ ಎನ್ನುತ್ತೇನೆ. ಬರೆಯುವಾಗ ‘ಅವನು’ ಎನ್ನುವ ಸುಖವನ್ನು ಮಾತ್ರ ಬಿಡಲಾರೆ.

ನಮ್ಮಿಬ್ಬರದೂ ಒಂದೇ ಕಸುಬು. ಕ್ಲೋಸ್‌ಪೇಟೆಯಲ್ಲಿ, ಬೆಂಗಳೂರು–ಮೈಸೂರು ರಸ್ತೆಯ ಪಕ್ಕದ ಮಾವನ ಷೆಡ್ಡಿನಲ್ಲಿ, ಜಜ್ಜಿಹೋದ ಮೋಟಾರುಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು. ಈ ರಸ್ತೆಗೆ ಮೋಟಾರು ಬಂದದ್ದು ಈಚೆಗೆ. ಎತ್ತಿನ ಗಾಡಿಗಳು ಅನಾದಿಯಿಂದ ಇವೆ. ಗಾಡಿಯವರು ನಿದ್ದೆ ಮಾಡುತ್ತಾರೆ, ಡ್ರೈವರುಗಳು ಹಾರನ್ನು ಒತ್ತುತ್ತಾರೆ, ಎತ್ತುಗಳು ಬೆದರುತ್ತವೆ, ನಮಗೆ ಅನ್ನ ಹುಟ್ಟುತ್ತದೆ! ತಗಡು ಬಡಿಯಲು ಇಬ್ಬರು ಬೇಕು. ಒಬ್ಬ ಹೊರಗಿನಿಂದ ಸುತ್ತಿಗೆಯಲ್ಲಿ ಹೊಡೆಯಬೇಕು. ಇನ್ನೊಬ್ಬ ಒಳಗಿನಿಂದ, ಏಟು ಬೀಳುವ ಜಾಗಕ್ಕೆ ಸರಿಯಾಗಿ, ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಹೊಡೆಯುವವನು ಅವನು. ಮಡ್‌ಗಾರ್ಡಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಒಣಗಿದ ಕೆಸರು ಉದುರಿಸಿಕೊಂಡು ಒತ್ತು ಹಿಡಿಯುವವನು ನಾನು. ಬಂದವರೆಲ್ಲ ಹೊರಗೆ ನಿಂತವನನ್ನೇ ಹೊಗಳುತ್ತಾರೆ. ಒಳಗಿನವನದು ಎರಡು ಕಾಲು ಬಿಟ್ಟು ಇನ್ನೇನು ಕಾಣುತ್ತದೆ, ನೀವೇ ಹೇಳಿ?

ಮೊದಲು ಇಬ್ಬರ ಸಾಮಾನೂ ಗೋಣಿಚೀಲದಲ್ಲೇ ಇರುತ್ತಿತ್ತು. ಇಬ್ಬರೂ ಅರ್ಧ ದಿನ ಹುಡುಕುತ್ತ ಸುಖವಾಗಿದ್ದೆವು. ಒಂದು ದಿನ ಅವನಿಗೆ ಅದೇನು ಹೊಳೆಯಿತೋ, ಸೀಮೆಎಣ್ಣೆ ಡಬ್ಬಗಳು ಬರುವ ಮರದ ಪೆಟ್ಟಿಗೆ ಎರಡನ್ನು ಒಂದರ ಮೇಲೊಂದು ಕೂರಿಸಿ ಮೊಳೆ ಹೊಡೆದ. ಗಾಲಿ ಮಾಡಿಸಲು ಚನ್ನಪಟ್ಟಣಕ್ಕೆ ಹೋದ. ಅಲ್ಲಿ ಬೊಂಬೆ ಕಡೆಯುವ ಸಾಹೇಬರೊಬ್ಬರು ನಾಲ್ಕು ಗಾಲಿ ಕಡೆದುಕೊಟ್ಟರು. ನಾಲ್ಕಕ್ಕೂ ಅರಗಿನ ಬಣ್ಣ: ಕೆಂಪು, ಹಳದಿ, ಹಸಿರು!

“ಇದು ಮೋಟಾರು ಕೆಲ್ಸಕ್ಕೆ ಸಾಹೇಬ್ರೇ, ಬಣ್ಣ ಯಾಕೆ?” ಎಂದನಂತೆ ಇವನು.

“ಬಣ್ಣ ಇಲ್ದೆ ನಮ್ಮ ಮನೆಯಿಂದ ಒಂದು ಬುಗುರೀನೂ ಆಚೆಗೆ ಹೋಗಿಲ್ಲ. ತಗೊಂಡೋಗಿ” ಎಂದರಂತೆ ಅವರು.

ಆ ಗಾಲಿ ಕೂರಿಸಿದ ಪೆಟ್ಟಿಗೆಯನ್ನು ಮೊದಲ ಸಲ ಪೇಟೆಬೀದಿಯಲ್ಲಿ ಉರುಳಿಸಿಕೊಂಡು ಬಂದಾಗ, ಯಾರದೋ ದೊಡ್ಡ ಮನೆಯ ಮಗುವಿಗೆ ಆಟದ ಗಾಡಿ ಬಂತೆಂದು ಜನ ಬಾಗಿಲಿಗೆ ಬಂದು ನೋಡಿದರು. ನಾನೂ ನೋಡಿದೆ. ಚೆನ್ನಾಗಿತ್ತು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಇನ್ನು ಸಾಮಾನು ಜೋಡಿಸಿದ ಚೆಂದವನ್ನು ಕೇಳಿ. ನೀವಾಗಿದ್ದರೆ ಸುತ್ತಿಗೆಗಳನ್ನು ಒಂದು ಕಡೆ, ಇಕ್ಕಳಗಳನ್ನು ಒಂದು ಕಡೆ ಇಡುತ್ತಿದ್ದಿರಿ. ಇವನು ಮದುವೆಮನೆಯಲ್ಲಿ ಬೀಗರನ್ನು ಊಟಕ್ಕೆ ಕೂರಿಸುವ ಹಾಗೆ ಕೂರಿಸಿದ! ಕೆಲಸದಲ್ಲಿ ಯಾರ ಹಿಂದೆ ಯಾರು ಬರುತ್ತಾರೋ ಅವರು ಅಕ್ಕಪಕ್ಕ. ಮರದ ಕೊಡತಿಗೆ ಮೊದಲ ಜಾಗ, ಏಕೆಂದರೆ ಅದು ‘ಹಿರೀಕರು, ಮೆತ್ತಗೆ ಮಾತಾಡ್ತಾರೆ’. ಅದರ ಪಕ್ಕ ಚಪ್ಪಟೆ ಸುತ್ತಿಗೆ, ಆಮೇಲೆ ಅರ. ಉಳಿಯೊಂದು ಮಾತ್ರ ಕೆಳಗಿನ ಪೆಟ್ಟಿಗೆಯ ಮೂಲೆಯಲ್ಲಿ.

“ಅದನ್ಯಾಕಣ್ಣ ದೂರ ಮಡಗಿದ್ದೀಯ?”

“ಅದರ ಬಾಯಿ ಸರಿ ಇಲ್ಲ ಕಣ್ಲಾ. ಪಕ್ಕದಾಗೆ ಕೂತೋರನ್ನೆಲ್ಲ ಕಚ್ತದೆ.”

ಇದನ್ನು ನೋಡಲು ನನ್ನ ಹೆಂಡತಿ ಷೆಡ್ಡಿಗೇ ಬಂದಳು. ನೋಡಿದಳು, ಮೂಗಿನ ಮೇಲೆ ಬೆರಳಿಟ್ಟಳು, ನನ್ನ ಕಡೆ ತಿರುಗಿದಳು.

“ಭಾವನ್ನ ನೋಡಿ ಒಸಿ ಕಲೀರಿ. ನಿಮ್ಮ ಚೀಲಕ್ಕೆ ಕೈ ಹಾಕಿದ್ರೆ ಚೇಳು ಬತ್ತದೆ.”

“ಬಂದಿರೋದು ಒಂದೇ ಸಲ!” ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿನವರೆಗೂ ಹೊಳೆದಿಲ್ಲ.

ಆ ಪೆಟ್ಟಿಗೆಯಿಂದ ಸಾಮಾನನ್ನು ಎರವಲು ಕೇಳುವುದೆಂದರೆ ಹೆಣ್ಣು ಕೇಳಿದ ಹಾಗೆ. ಮಾಗಡಿಯ ತಗಡು ಕೆಲಸದವರೊಬ್ಬರು ಒಮ್ಮೆ ಕತ್ತರಿ ಕೇಳಿಕೊಂಡು ಬಂದರು. ಮನೆ ಎಂಥದು, ಷೆಡ್ಡು ಸೋರುತ್ತದೆಯೇ, ಎಣ್ಣೆ ಹಚ್ಚುತ್ತೀರಾ ಎಂದೆಲ್ಲ ವಿಚಾರಿಸಿ, ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಯುಗಾದಿ ಬಂತು. ಇವನು ಹರಳೆಣ್ಣೆ ಸೀಸೆ ಹಿಡಿದುಕೊಂಡು ಮಾಗಡಿಗೆ ಹೊರಟೇಬಿಟ್ಟ! ಅವರು ಪಾಪ, ಹಬ್ಬಕ್ಕೆ ಬಂದ ನೆಂಟನೆಂದು ಒಬ್ಬಟ್ಟು ಹಾಕಿದರು. ಇವನು ಕತ್ತರಿಗೆ ಎಣ್ಣೆ ತಿಕ್ಕಿ ವಾಪಸ್ಸು ಬಂದು, “ಒಸಿ ಬಡವಾಗೈತೆ” ಎಂದು ಕೊರಗಿದ. ಆ ಯುಗಾದಿಗೆ ನನ್ನ ಮನೆಗೆ ಅವನು ಬರಲೇ ಇಲ್ಲ, ಗೊತ್ತೇ?

ಇಷ್ಟಕ್ಕೇ ನಿಂತಿದ್ದರೆ ಹೇಗೋ ಉರಿದುಕೊಂಡು ಬದುಕುತ್ತಿದ್ದೆ. ದಸರಾ ಬಂತು. ಆಗ ನಮ್ಮ ರಸ್ತೆಯಲ್ಲಿ ಮೈಸೂರಿಗೆ ಹೋಗುವ ಕಾರುಗಳ ಸಾಲೋ ಸಾಲು. ಆಯುಧಪೂಜೆಯ ದಿನವೇ ಬೆಂಗಳೂರಿನ ಧಣಿಯೊಬ್ಬರ ಕಾರು ಬಂದು ನಿಂತಿತು. ಹತ್ತಾರು ಬಸ್ಸು ಇಟ್ಟವರು. ಬಿಡದಿ ಹತ್ತಿರ ಎತ್ತಿನ ಗಾಡಿಗೆ ಗುದ್ದಿ ಮಡ್‌ಗಾರ್ಡು ಟೈರಿಗೆ ಉಜ್ಜುತ್ತಿತ್ತು. ನಮ್ಮವನು ಕೈಮುಗಿದು ಅಡ್ಡ ನಿಂತ.

“ಇವತ್ತು ಆಗಕಿಲ್ಲ ಬುದ್ಧೀ. ಈಗ ತಾನೆ ಕುಂಕುಮ ಇಟ್ಟಿವ್ನಿ. ಇವತ್ತು ಅವು ದ್ಯಾವ್ರು. ಆಳಾಗೋದು ನಾಳಿಕ್ಕೆ.”

ಬರಿಗೈಯಲ್ಲೇ ಮಡ್‌ಗಾರ್ಡನ್ನು ಎಳೆದು ಟೈರಿನಿಂದ ಬಿಡಿಸಿ, “ಮೈಸೂರಿಂದ ಬರೋವಾಗ ಬನ್ನಿ” ಎಂದು ಕಳಿಸಿಬಿಟ್ಟ. ಅಂಥ ಗಿರಾಕಿಯನ್ನು ಕೈಬಿಟ್ಟನಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಧಣಿ ಬರುತ್ತಾರೆಂದು ಯಾರು ಕಂಡಿದ್ದರು? ಬಂದರು! ಇವನು ಪೆಟ್ಟಿಗೆಯನ್ನು ಕಾರಿನ ಸುತ್ತ ಉರುಳಿಸುತ್ತ, ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚಿ ಬೇಕಾದ್ದನ್ನು ಎತ್ತಿಕೊಳ್ಳುತ್ತ, ಧಣಿ ಎಳನೀರು ಕುಡಿದು ಗಂಜಿ ಕೆರೆದು ತಿನ್ನುವುದರೊಳಗೆ ಮಡ್‌ಗಾರ್ಡನ್ನು ಹೊಸದು ಮಾಡಿದ. ಕೆಳಗೆ ಯಾರು ಮಲಗಿದ್ದರು ಎಂದು ಬೇರೆ ಹೇಳಬೇಕೇ? ಧಣಿ ನನ್ನ ಕಾಲುಗಳನ್ನು ದಾಟಿಕೊಂಡು ಹೋಗಿ ಪೆಟ್ಟಿಗೆಯ ಬೆನ್ನು ತಟ್ಟಿದರು. ಪೆಟ್ಟಿಗೆಯ ಬೆನ್ನು!

“ಏನಯ್ಯಾ ನಿನ್ನ ವ್ಯವಸ್ಥೆ! ಇಲ್ಯಾಕಿದ್ದೀಯ? ಬೆಂಗಳೂರಿಗೆ ಬಾ, ನಮ್ಮ ವರ್ಕ್‌ಷಾಪಿಗೆ ನೀನೇ ಮೇಸ್ತ್ರಿ” ಎಂದರು.

ಮಾವ ಅವತ್ತು ಸಂಜೆ ಗೋಡೆಗೆ ಒರಗಿ ಕೂತು, “ಅವನು ಹೋದ್ರೆ ಷೆಡ್ ಮುಚ್ಚೋದೇಯ” ಎಂದರು. ನಾನು ಎದುರಿಗೇ ಕೂತಿದ್ದೆ! ಅವನು ಹೋದರೆ ನನ್ನ ಅನ್ನಕ್ಕೆ ಕಲ್ಲು. ಉಳಿದರೆ ಹೊಟ್ಟೆಗೆ ಬೆಂಕಿ. ಕಬ್ಬಾಳಮ್ಮನಿಗೆ ಹರಕೆ ಕಟ್ಟಿಕೊಂಡೆ. ಅವನು ಹೋಗಲಿ ಎಂದೋ ಹೋಗದಿರಲಿ ಎಂದೋ ನನಗೇ ತಿಳಿಯಲಿಲ್ಲ. ತೀರ್ಮಾನ ತಾಯಿಗೇ ಬಿಟ್ಟೆ. ಅವನು ಹೋದ. ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿ ಹಗ್ಗ ಬಿಗಿದವನು ನಾನೇ. ಅಕ್ಕ ಅತ್ತಳು, ನನ್ನ ಹೆಂಡತಿ ಅವಳಿಗಿಂತ ಜೋರಾಗಿ ಅತ್ತಳು. ನಾನು ಅಳಲಿಲ್ಲ. ಷೆಡ್ಡಿಗೆ ಬಂದು ಚೀಲ ಸುರಿದುಕೊಂಡು, ಹೊಡೆಯುವವರಿಲ್ಲದೆ ಸುಮ್ಮನೆ ಕೂತೆ.

ವಾರ ಕಳೆಯುವುದರೊಳಗೆ, ಸಂಜೆಯ ಬಸ್ಸಿನಿಂದ ಕೆಂಪು ಹಳದಿ ಗಾಲಿಗಳು ಕೆಳಗಿಳಿದವು.

“ಏನಣ್ಣ, ಕೆಲ್ಸ ಇಲ್ಲ ಅಂದ್ಬುಟ್ರಾ?” ಎಂದೆ. ದನಿಯಲ್ಲಿ ಸಂತೋಷ ಇಣುಕಿದ್ದರೆ ದೇವರು ಕ್ಷಮಿಸಲಿ.

“ಕೆಲ್ಸ ಬೇಕಾದಷ್ಟೈತೆ” ಎಂದ, ಗಾಲಿಯ ಧೂಳು ಒರೆಸುತ್ತ. “ಒತ್ತು ಹಿಡಿಯಾಕೆ ಒಬ್ಬರಾದ ಮ್ಯಾಲೆ ಒಬ್ಬರನ್ನ ಕೊಟ್ರು. ನಾನು ಇಲ್ಲಿ ಹೊಡೆದ್ರೆ ಅವ್ರು ಅಲ್ಲಿ ಹಿಡೀತಾರೆ. ನಾನು ಎಲ್ಲಿಗೆ ಹೊಡೀತೀನಿ ಅಂತ ನಿಂಗಾದ್ರೆ ನನಗಿಂತ ಮುಂಚೆ ಗೊತ್ತಾಯ್ತದೆ. ನನ್ನ ತಮ್ಮಯ್ಯನ್ನೂ ಕರೆಸ್ಕಳಿ ಬುದ್ಧೀ ಅಂದೆ. ಬ್ಯಾಡ, ನೀನೊಬ್ಬನೇ ಸಾಕು ಅಂದ್ರು. ಅವನಿಲ್ದೆ ನನ್ನ ಕೈಲಿ ಆಗಕಿಲ್ಲ ಅಂತ ಹೇಳಿ ಬಂದ್ಬುಟ್ಟೆ.”

ಅಷ್ಟು ಹೇಳಿ, ದೊಡ್ಡ ಮಾತೇನೂ ಆಡದವನ ಹಾಗೆ ಇನ್ನೊಂದು ಗಾಲಿ ಒರೆಸತೊಡಗಿದ. ಇವನ ಪೆಟ್ಟಿಗೆಗೆ, ಕೈಗೆ, ಹೆಸರಿಗೆ, ಎಲ್ಲಕ್ಕೂ ಹೊಟ್ಟೆಕಿಚ್ಚುಪಟ್ಟವನು ನಾನು. ಆದರೆ ಆ ಸಂಜೆ ಪಟ್ಟಷ್ಟು ಎಂದೂ ಪಟ್ಟಿರಲಿಲ್ಲ. ಧಣಿ ನನ್ನೊಬ್ಬನನ್ನೇ ಕರೆದಿದ್ದರೆ ನಾನು ವಾಪಸ್ಸು ಬರುತ್ತಿದ್ದೆನೇ? ಅಂಥ ಮನಸ್ಸನ್ನು ದೇವರು ನನಗೂ ಒಂದಿಷ್ಟು ಕೊಡಬಾರದಾಗಿತ್ತೇ!

“ಅಣ್ಣ” ಎಂದೆ.

“ಏನ್ಲಾ?”

“ಉಣ್ಣೋಕೆ ಬಾ” ಎಂದು ಕೈ ಹಿಡಿದುಕೊಂಡೆ.